ಹಗರಿಯ ಉಸುಕು

ಬಳ್ಳಾರಿಯೆಂದೊಡನೆ ದೂರದ ಊರಿನವರ ಮನಸ್ಸಿನಲ್ಲಿ ಮೂಡುವ ಚಿತ್ರ ಒಂದೇ: ಬಿಸಿಲು, ಬಂಡೆ, ಜಾಲಿಮುಳ್ಳು, ಸೆರೆಮನೆ. ಈಚಿನ ವರ್ಷಗಳಲ್ಲಿ ಇವುಗಳ ಜೊತೆಗೆ ಗಣಿಯ ಕೆಂಧೂಳೂ ಸೇರಿಕೊಂಡಿದೆ. ಈ ಊರಿಗೂ ಕಡಲಿಗೂ ಏನು ಸಂಬಂಧವೆಂದು ಯಾರಾದರೂ ಕೇಳಿದರೆ ಕೇಳಿದವರನ್ನೇ ಜನ ನೋಡಿ ನಕ್ಕಾರು. ಪಡುವಣ ಕಡಲು ಇಲ್ಲಿಂದ ಹತ್ತಿರ ಹತ್ತಿರ ಮುನ್ನೂರು ಕಿಲೋಮೀಟರು. ಮೂಡಣ ಕಡಲು ಅದಕ್ಕಿಂತಲೂ ದೂರ. ವರ್ಷಕ್ಕೆ ಸುಮಾರು 500 ಮಿಲಿಮೀಟರು ಮಳೆ ಬಿದ್ದರೆ ಅದನ್ನೇ ಭಾಗ್ಯವೆಂದು ತಿಳಿಯುವ ಸೀಮೆ ಇದು. ಆದರೂ ಕಡಲ ದಂಡೆಯೆಂಬುದು ಯಾವುದರಿಂದ ಹುಟ್ಟುತ್ತದೆ, ಹುಟ್ಟಿದ ಮೇಲೆ ನಿಂತಲ್ಲಿ ನಿಲ್ಲದೆ ಏಕೆ ಜರುಗುತ್ತದೆ ಎಂಬುದನ್ನು ಕಣ್ಣಾರೆ ಕಾಣಬೇಕೆನ್ನುವವರು ಬಳ್ಳಾರಿಯ ಕೋಟೆಗುಡ್ಡದಿಂದ ಪ್ರಯಾಣ ಹೊರಟರೆ ತಪ್ಪಾಗಲಾರದು. ಕಡಲ ದಂಡೆಗೆ ಬೇಕಾದ ಸರಕೆಲ್ಲ ತಯಾರಾಗುವುದು ಇಂತಹ ಗುಡ್ಡಗಳಲ್ಲಿಯೇ.

ಕೋಟೆಯ ಮೆಟ್ಟಿಲುಗಳನ್ನು ಬೆಳಗಿನ ತಂಪಿನಲ್ಲಿಯೇ ಹತ್ತಬೇಕು. ಹತ್ತು ಗಂಟೆ ಕಳೆದರೆ ಬಂಡೆ ಕಾದ ಹಂಚಾಗುತ್ತದೆ. ಮೇಲಿನ ಕೋಟೆಯನ್ನು ಪಾಳೆಯಗಾರ ಹನುಮಪ್ಪನಾಯಕ ಕಟ್ಟಿಸಿದನೆಂದು ಪ್ರತೀತಿ. ಕೆಳಗಿನ ಕೋಟೆ ಹೈದರಾಲಿಯದು. ಅದನ್ನು ಕಟ್ಟಿದ ಫ್ರೆಂಚ್ ಇಂಜಿನಿಯರನನ್ನು ಹೈದರನು ಗಲ್ಲಿಗೇರಿಸಿದನೆಂಬ ಕಥೆಯನ್ನು ಊರಿನ ಹುಡುಗರೂ ಬಲ್ಲರು. ಎದುರಿಗಿರುವ ಕುಂಬಾರಗುಡ್ಡ ಇನ್ನೂ ಎತ್ತರವಾಗಿದ್ದು, ಅಲ್ಲಿಂದ ಕೋಟೆಯೊಳಗನ್ನು ನೋಡಬಹುದೆಂಬುದನ್ನು ಇಂಜಿನಿಯರು ಲಕ್ಷಿಸದೆ ಹೋದದ್ದೇ ಅವನ ಅಪರಾಧವಂತೆ. ಕಥೆ ನಿಜವೋ ಸುಳ್ಳೋ, ಎರಡು ಗುಡ್ಡಗಳು ಮಾತ್ರ ಒಂದನ್ನೊಂದು ದಿಟ್ಟಿಸುತ್ತ ಇಂದಿಗೂ ಕುಳಿತಿವೆ. ಸುತ್ತಲಿನದು ಅಂಗೈಯಂತಹ ಬಯಲು. ಅದರ ನಡುನಡುವೆ ಯಾರೋ ಒಟ್ಟಿ ಮರೆತುಹೋದ ಹಾಗೆ ಬಂಡೆಗಳ ರಾಶಿ.

ಈ ಬಂಡೆಗಳು ಭೂಗರ್ಭದೊಳಗೆ ಕಿಲೋಮೀಟರುಗಟ್ಟಲೆ ಆಳದಲ್ಲಿ, ಸುಮಾರು ಇನ್ನೂರೈವತ್ತು ಕೋಟಿ ವರ್ಷಗಳ ಹಿಂದೆ ಕರಗಿದ ದ್ರವ ನಿಧಾನವಾಗಿ ತಣಿದು ಹೆಪ್ಪುಗಟ್ಟಿದ ಗ್ರಾನೈಟ್ ಶಿಲೆಗಳು. ಅವುಗಳ ಮೇಲಿದ್ದ ನೆಲವೆಲ್ಲ ಮಳೆಗಾಳಿಗಳಿಗೆ ಸವೆದು ಹರಿದುಹೋದ ಮೇಲೆ ಇವು ಬಯಲಿಗೆ ಬಂದವು. ಮೇಲಿನ ಭಾರ ಇಳಿದುದರಿಂದ ಬಂಡೆ ಹಿಗ್ಗಿ, ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಬಿಟ್ಟುಕೊಂಡಿತು. ಸೀಳುಗಳಲ್ಲಿ ನೀರಿಳಿದು ಮೂಲೆಗಳನ್ನು ತಿಂದು ಗುಂಡಾಗಿಸಿತು. 1895ರಲ್ಲಿ ಬಳ್ಳಾರಿ ಜಿಲ್ಲೆಯ ಭೂವಿವರಣೆಯ ಗ್ರಂಥವನ್ನು ಪ್ರಕಟಿಸಿದ ರಾಬರ್ಟ್ ಬ್ರೂಸ್ ಫುಟ್ ಎಂಬ ಭೂವಿಜ್ಞಾನಿ ಇದೇ ಗುಡ್ಡಗಳ ನಡುವೆ ಸುತ್ತಿದವನು. ಅವನ ಹೆಸರಿನ ವಸ್ತುಸಂಗ್ರಹಾಲಯವೊಂದು ಬಳ್ಳಾರಿಯಲ್ಲಿದೆ. ನಗರದಿಂದ ತುಸು ದೂರದ ಸಂಗನಕಲ್ಲಿನ ಗುಡ್ಡಗಳಲ್ಲಿ ನವಶಿಲಾಯುಗದ ಜನ ನಾಲ್ಕೈದು ಸಾವಿರ ವರ್ಷಗಳ ಹಿಂದೆ ಕರಿಗಲ್ಲಿನ ಕೊಡಲಿಗಳನ್ನು ಮಸೆಯುತ್ತಿದ್ದರು. ತಟ್ಟಿದರೆ ಕಂಚಿನಂತೆ ದನಿಗೊಡುವ ಬಂಡೆಗಳೂ ಅಲ್ಲಿವೆ. ಅವರು ಕೂಡುತ್ತಿದ್ದ ಬಂಡೆಯ ಮೇಲೆ ಇಂದು ಕೂತವನಿಗೆ ಬಂಡೆ ಒಂದಂಗುಲವೂ ಬದಲಾಗಿಲ್ಲವೆಂದೇ ತೋರುತ್ತದೆ.

ಆದರೆ ಬದಲಾಗುತ್ತಿದೆ. ಅದನ್ನು ನೋಡಲು ಕುರುಗೋಡಿಗೆ ಹೋಗಬೇಕು.

ಕುರುಗೋಡು ಒಂದು ಕಾಲಕ್ಕೆ ಸಿಂದ ವಂಶದ ಅರಸರ ರಾಜಧಾನಿಯಾಗಿತ್ತು. ಗುಡ್ಡದ ಮೇಲೆ ಕೋಟೆಯ ಅವಶೇಷ, ಬುಡದಲ್ಲಿ ಹಳೆಯ ಗುಡಿಗಳ ಸಾಲು, ಊರಿನೊಳಗೆ ದೊಡ್ಡಬಸವೇಶ್ವರ. ಒಂದೇ ಕಲ್ಲಿನ ಆ ಬೃಹತ್ ಬಸವನ ಮುಂದೆ ನಿಂತಾಗ, ಈ ಸೀಮೆಯ ಬಂಡೆಗೆ ಇದಕ್ಕಿಂತ ತಕ್ಕ ಆಕಾರ ಬೇರೊಂದಿಲ್ಲವೆನಿಸುತ್ತದೆ. ಜಾತ್ರೆಯ ಕಾಲದಲ್ಲಿ ಸುತ್ತಮುತ್ತಲಿನ ಹಳ್ಳಿಗಳೆಲ್ಲ ಇಲ್ಲಿ ನೆರೆಯುತ್ತವೆ. ಆದರೆ ಸದ್ಯದ ಪ್ರಯಾಣಕ್ಕೆ ಬೇಕಾದದ್ದು ಗುಡಿಯಲ್ಲ, ಗುಡ್ಡದ ಬುಡ. ಬಂಡೆಯ ಬುಡದಲ್ಲಿ ಕೈಯಿಟ್ಟರೆ ಬೆರಳ ಸಂದಿಗೆ ಜರಿಯುವ ಒರಟು ಪುಡಿಯುಂಟು. ಗ್ರಾನೈಟಿನಲ್ಲಿ ಮುಖ್ಯವಾಗಿ ಮೂರು ಬಗೆಯ ಖನಿಜಗಳಿವೆ: ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕ. ಮಳೆನೀರಿಗೆ ಫೆಲ್ಡ್‌ಸ್ಪಾರ್ ಮೆತ್ತಗಾಗಿ ಜೇಡಿಯಾಗುತ್ತದೆ. ಅಭ್ರಕ ಹೊಟ್ಟಿನಂತೆ ಹಾರಿಹೋಗುತ್ತದೆ. ಬೆಣಚು ಮಾತ್ರ ಯಾವ ಮಳೆಗೂ ಜಗ್ಗದೆ ಕಣಕಣವಾಗಿ ಉಳಿಯುತ್ತದೆ. ಹೀಗೆ ಉಳಿದದ್ದೇ ಮರಳು. ಈ ಕಡೆಯವರ ಬಾಯಲ್ಲಿ ಉಸುಕು. ಗುಡ್ಡದ ಬುಡದ ಒಂದು ಹಿಡಿ ಉಸುಕು ಮಳೆಗಾಲದ ಹಳ್ಳಕ್ಕೆ ಬಿದ್ದರೆ, ಅದು ತುಂಗಭದ್ರೆಗೋ ಹಗರಿಗೋ ಸೇರುವ ಹಾದಿ ಹಿಡಿಯಿತೆಂದೇ ಲೆಕ್ಕ. ಅಲ್ಲಿಂದ ಮುಂದಕ್ಕೆ ಕೃಷ್ಣೆ, ಕೃಷ್ಣೆಯಿಂದಾಚೆಗೆ ಕಡಲು. ದಾರಿಯಲ್ಲಿ ಎಷ್ಟು ಶತಮಾನ ತಂಗುತ್ತದೆಯೋ ಹೇಳುವವರಿಲ್ಲ.

ಅಂತಹ ತಂಗುದಾಣಗಳಲ್ಲೆಲ್ಲ ವಿಚಿತ್ರವಾದದ್ದು ಹಗರಿ. ಪುಸ್ತಕದ ಹೆಸರು ವೇದಾವತಿ. ಬಾಬಾಬುಡನ್ ಗಿರಿಗಳಲ್ಲಿ ಹುಟ್ಟಿದ ವೇದಾ ಮತ್ತು ಅವತಿ ಕಡೂರಿನ ಬಳಿ ಕೂಡಿ ವೇದಾವತಿಯಾಗಿ, ಹಿರಿಯೂರಿನ ಹತ್ತಿರ ಮಾರಿಕಣಿವೆಯ ಅಣೆಕಟ್ಟಿನಲ್ಲಿ ತಂಗಿ, ಚಳ್ಳಕೆರೆಯ ಸೀಮೆಯನ್ನು ದಾಟಿ, ಅನಂತಪುರದ ಕಡೆ ಸುತ್ತಿ, ಬಳ್ಳಾರಿ ಮತ್ತು ಸಿರುಗುಪ್ಪ ತಾಲ್ಲೂಕುಗಳ ಮೂಲಕ ಉತ್ತರಕ್ಕೆ ನಡೆದು ತುಂಗಭದ್ರೆಯನ್ನು ಸೇರುತ್ತದೆ. ಅಘವನ್ನು, ಎಂದರೆ ಪಾಪವನ್ನು, ಹರಿಸುವವಳಾದುದರಿಂದ ಹಗರಿಯೆಂದು ಹೆಸರಾಯಿತೆಂದು ಪಂಡಿತರ ವಿವರಣೆ. ಬಳ್ಳಾರಿಯಿಂದ ಗುಂತಕಲ್ಲಿಗೆ ಹೋಗುವ ರೈಲು ಈ ನದಿಯನ್ನು ದಾಟುವಾಗ ಕಿಟಕಿಯಿಂದಿಣುಕುವ ಮಕ್ಕಳು, "ನದಿ ಎಲ್ಲಿ?" ಎಂದು ಕೇಳುವುದುಂಟು. ಅಲ್ಲಲ್ಲಿ ಅರ್ಧ ಮೈಲಿಯಷ್ಟು ಅಗಲವಾದ ಪಾತ್ರ. ಅದರ ತುಂಬ ಉಸುಕು. ಒಂದು ಅಂಚಿನಲ್ಲಿ ದಾರದಂತಹ ನೀರು, ಬೇಸಗೆಯಲ್ಲಿ ಅದೂ ಇಲ್ಲ. ನೀರು ಬೇಕಾದವರು ಉಸುಕನ್ನು ಬಗೆದು ವರತೆ ಮಾಡಿಕೊಳ್ಳುತ್ತಾರೆ. ತಂಪಾದ ಸಿಹಿನೀರು ನಿಧಾನವಾಗಿ ಒಸರಿ ಬಂದು ತಂಬಿಗೆಯನ್ನು ತುಂಬುತ್ತದೆ. ನದಿ ಬತ್ತಿಲ್ಲ, ಉಸುಕಿನ ಮರೆಗೆ ಹೋಗಿದೆ ಅಷ್ಟೆ.

ಈ ಉಸುಕಿಗೆ ಕಾಲು ಬರುವುದು ಮುಂಗಾರಿನ ಗಾಳಿಯಲ್ಲಿ. ಪಶ್ಚಿಮಘಟ್ಟದಲ್ಲಿ ಮಳೆ ಸುರಿಸಿ ಬರಿದಾದ ಗಾಳಿ ಈ ಬಯಲಿಗೆ ಬರುವಾಗ ಮಳೆಯನ್ನು ತರುವುದು ಕಡಿಮೆ, ಬಿರುಸನ್ನು ತರುವುದು ಹೆಚ್ಚು. ಜೂನಿನಿಂದ ಮುಂದಕ್ಕೆ, ಆಷಾಢದಲ್ಲಂತೂ, ಹಗಲಿರುಳೂ ಒಂದೇ ಸಮನೆ ನೈಋತ್ಯದಿಂದ ಬೀಸುತ್ತದೆ. ಆ ವೇಳೆಗೆ ನದಿಯ ಪಾತ್ರ ಇನ್ನೂ ಒಣಗಿರುತ್ತದೆ. ಗಾಳಿ ಒಣ ಉಸುಕನ್ನು ಎತ್ತಿ ಒಯ್ಯುವುದೆಂದು ನಾವು ತಿಳಿಯುತ್ತೇವೆ. ವಾಸ್ತವದಲ್ಲಿ ಕಣಗಳು ನೆಲದ ಮೇಲೆ ಕಪ್ಪೆಯಂತೆ ಕುಪ್ಪಳಿಸುತ್ತ ಸಾಗುತ್ತವೆ. ಬಿದ್ದ ಕಣ ಇನ್ನೆರಡು ಕಣಗಳನ್ನು ಚಿಮ್ಮಿಸುತ್ತದೆ, ಅವು ಮತ್ತಷ್ಟನ್ನು. ಲಿಬಿಯಾದ ಮರುಭೂಮಿಯಲ್ಲಿ ಮೋಟಾರಿನಲ್ಲಿ ಅಲೆದ ಬ್ಯಾಗ್ನೋಲ್ಡ್ ಎಂಬ ಆಂಗ್ಲ ಸೈನ್ಯಾಧಿಕಾರಿ ಈ ಕುಪ್ಪಳಿಕೆಯ ಗಣಿತವನ್ನೆಲ್ಲ ಬಿಡಿಸಿ 1941ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದ. ಗಾಳಿಗೆ ಎದುರಾದ ಮಗ್ಗುಲಲ್ಲಿ ದಿಬ್ಬ ಇಳಿಜಾರಾಗಿ ಏರುತ್ತದೆ; ನೆತ್ತಿಯನ್ನು ಮುಟ್ಟಿದ ಉಸುಕು ಹಿಂದಿನ ಮಗ್ಗುಲಿಗೆ ಕಡಿದಾಗಿ ಜರಿಯುತ್ತದೆ. ಹೀಗೆ ಮುಂದಿನದು ಹಿಂದಕ್ಕೆ ಬಿದ್ದು ಬಿದ್ದು ಇಡೀ ದಿಬ್ಬವೇ ಮುಂದಕ್ಕೆ ನಡೆಯುತ್ತದೆ. ಹಗರಿಯ ಮೂಡಣ ದಂಡೆಯಲ್ಲಿ, ಅನಂತಪುರ ಜಿಲ್ಲೆಗೆ ಸೇರಿದ ಕಣೇಕಲ್ಲು, ಬೊಮ್ಮನಹಾಳಗಳ ಸೀಮೆಯಲ್ಲಿ, ಈ ದಿಬ್ಬಗಳು ಹೊಲಗಳನ್ನೇ ನುಂಗಿವೆ. ತೆಂಗಿನ ಮರದ ಕಾಂಡ ಅರ್ಧ ಹೂತು ಗರಿಗಳು ಕೈಗೆಟುಕುವಂತಾದರೆ ಅದನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯದು. ರಾಜಸ್ಥಾನದಲ್ಲಿ ಇದ್ದರೆ ಚಿತ್ರ ತೆಗೆಯಲು ಜನ ಹೋಗುತ್ತಿದ್ದರು. ಬಳ್ಳಾರಿಯ ಪಕ್ಕದಲ್ಲಿರುವುದರಿಂದ ಬಳ್ಳಾರಿಯವರೇ ಕಂಡಿಲ್ಲ.

ದಂಡೆಯ ಒಂದು ಹಳ್ಳಿಯಲ್ಲಿ ಬೇವಿನ ಕಟ್ಟೆಯ ಮೇಲೆ ಕುಳಿತ ಮುದುಕನೊಬ್ಬನನ್ನು, ಹೊಲವೆಲ್ಲಿ ತಾತಾ ಎಂದು ಬಂದವರು ಕೇಳಿದರು. ಅವನು ಕೈಯೆತ್ತಿ ದಿಬ್ಬವನ್ನು ತೋರಿಸಿದ.

"ಅದರ ಬುಡಕ್ಕೈತೆ ಸಾಮಿ. ಪಾಣಿಯಾಗ ನನ್ನ ಹೆಸರೇ ಐತಿ. ಹೊಲ ನಂದು, ಮ್ಯಾಲಿನ ಉಸುಕು ಹೊಳೀದು."

"ಉಸುಕನ್ನು ತೆಗೆಸಬಾರದೆ?"

"ನಾ ತೆಗಸೋದು ಬುಟ್ಟಿಲೆ. ಗಾಳಿ ತರೋದು ಬಂಡಿಲೆ."

ಅವನ ಮಾತಿನಲ್ಲಿ ದೂರಿನ ಧ್ವನಿ ಇರಲಿಲ್ಲ. ಆದರೆ ಅವನ ಮಗ ಬಳ್ಳಾರಿಯಲ್ಲಿ ಕೂಲಿಗೆ ನಿಂತದ್ದು ಈ ದಿಬ್ಬದ ದೆಸೆಯಿಂದಲೇ ಎಂಬುದನ್ನು ಕಟ್ಟೆಯ ಮೇಲಿದ್ದ ಇನ್ನೊಬ್ಬರು ತಿಳಿಸಿದರು. ಸರ್ಕಾರಗಳು ಕೈಕಟ್ಟಿ ಕುಳಿತಿಲ್ಲ. ದಿಬ್ಬದ ಮೇಲೆ ಹುಲ್ಲು, ಬಳ್ಳಿ, ಗಿಡಗಳನ್ನು ಬೆಳೆಸುವ ಉಪಾಯ ಹಳೆಯದು. ಬೇರು ಉಸುಕನ್ನು ಹಿಡಿಯುತ್ತದೆ, ಎಲೆ ಗಾಳಿಯನ್ನು ಮುರಿಯುತ್ತದೆ. ಗಿಡ ಹಿಡಿದ ಕಡೆ ದಿಬ್ಬ ನಿಂತಿದೆ. ಮೇಕೆ ಮೇದ ಕಡೆ ಮತ್ತೆ ಎದ್ದು ನಡೆದಿದೆ.

ಈ ನಡೆಯುವ ದಿಬ್ಬದ ಅಣ್ಣನನ್ನು ಕಾಣಬೇಕಾದರೆ ಕಡಲಿಗೆ ಹೋಗಬೇಕು. ಲೋಕದ ಅನೇಕ ಕಡಲ ತೀರಗಳಲ್ಲಿ ನೆಲದಿಂದ ತುಸು ದೂರಕ್ಕೆ, ನೆಲಕ್ಕೆ ಸಮಾನಾಂತರವಾಗಿ, ಉದ್ದನೆಯ ಕಿರಿದಾದ ಮರಳಿನ ದ್ವೀಪಗಳು ಮಲಗಿರುತ್ತವೆ. ಕಡಲಿನ ಹೊಡೆತವನ್ನು ಮೊದಲು ತಾವು ತಿಂದು ಒಳನೆಲವನ್ನು ಕಾಯುವುದರಿಂದ ಇವನ್ನು ತಡೆಗೋಡೆಯ ದ್ವೀಪಗಳೆನ್ನಬಹುದು. ಹಿಂದಿನ ಹಿಮಯುಗದ ಕೊನೆಯಲ್ಲಿ ಮಂಜು ಕರಗಿ ಕಡಲು ಸುಮಾರು 120 ಮೀಟರುಗಳಷ್ಟು ಏರಿತು. ಆ ಏರಿಕೆ ಆರೇಳು ಸಾವಿರ ವರ್ಷಗಳ ಹಿಂದೆ ನಿಧಾನವಾದಾಗ, ನದಿಗಳು ತಂದ ಮರಳನ್ನು ಅಲೆ ಮತ್ತು ಗಾಳಿಗಳು ಸೇರಿಸಿ ಇಂತಹ ದ್ವೀಪಗಳಲ್ಲಿ ಹೆಚ್ಚಿನವನ್ನು ಕಟ್ಟಿದವು. ಬಂಡೆಯ ಆಧಾರವಿಲ್ಲದ ಕೇವಲ ಮರಳಿನ ದ್ವೀಪ ಬಿರುಗಾಳಿಯಲ್ಲಿ ಉಳಿಯುವುದಾದರೂ ಹೇಗೆ? ಅದು ಉಳಿಯುವುದು ನಿಂತು ಅಲ್ಲ, ಸರಿದು. ಚಂಡಮಾರುತದ ಅಲೆ ಮುಂಭಾಗದ ಮರಳನ್ನು ಕಿತ್ತು ದ್ವೀಪದ ಬೆನ್ನ ಮೇಲೆ ಹಾಯಿಸಿ ಹಿಂದಿನ ಹಿನ್ನೀರಿಗೆ ಎಸೆಯುತ್ತದೆ. ಮುಂದೆ ಕಳೆದದ್ದು ಹಿಂದೆ ಬೆಳೆಯುತ್ತದೆ. ನೂರು ವರ್ಷಗಳಲ್ಲಿ ದ್ವೀಪ ತನ್ನ ಮೇಲೆ ತಾನೇ ಉರುಳಿಕೊಂಡು ನೆಲದ ಕಡೆಗೆ ಬಂದಿರುತ್ತದೆ. ಹಗರಿಯ ದಿಬ್ಬವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾದುದೇ ಇಲ್ಲ; ಅಲ್ಲಿ ಗಾಳಿ ಮಾಡುವುದನ್ನು ಇಲ್ಲಿ ಅಲೆ ಮಾಡುತ್ತದೆ.

ದ್ವೀಪ ಸರಿದರೆ ಅದಕ್ಕೆ ಕೇಡಿಲ್ಲ; ಕೇಡು ಅದರ ಮೇಲೆ ಮನೆ ಕಟ್ಟಿದವರಿಗೆ. ಅಮೆರಿಕದ ಹ್ಯಾಟರಾಸ್ ಎಂಬ ಮರಳು ದ್ವೀಪದಲ್ಲಿ 1870ರಲ್ಲಿ ದೀಪಸ್ತಂಭವೊಂದನ್ನು ಕಟ್ಟಿದಾಗ ಕಡಲು ಸುಮಾರು 1500 ಅಡಿಗಳಷ್ಟು ದೂರವಿತ್ತು. ಒಂದು ಶತಮಾನ ಕಳೆಯುವಷ್ಟರಲ್ಲಿ ಅಲೆಗಳು ಬುಡಕ್ಕೆ ಬಂದವು. ಗೋಡೆ ಕಟ್ಟಿ, ಮರಳಿನ ಮೂಟೆ ಪೇರಿಸಿ ಸೋತ ಮೇಲೆ, 1999ರಲ್ಲಿ ಇಡೀ ಸ್ತಂಭವನ್ನು ಬುಡದಿಂದ ಎತ್ತಿ ಹಳಿಗಳ ಮೇಲೆ ಜರುಗಿಸಿ 2900 ಅಡಿ ಹಿಂದಕ್ಕೆ ನಿಲ್ಲಿಸಿದರು. ಅಷ್ಟು ಹಣವಿಲ್ಲದ ನಮ್ಮವರು ಹೆಸರನ್ನು ಪಹಣಿಯಲ್ಲಿ ಉಳಿಸಿಕೊಂಡು ತಾವೇ ಜರುಗುತ್ತಾರೆ.

ಕನ್ನಡನಾಡಿನ ಕರಾವಳಿಯಲ್ಲಿಯೂ ಇಂತಹ ಮರಳುನಾಲಗೆಗಳಿವೆ. ಮಂಗಳೂರಿನ ಬೆಂಗ್ರೆ, ಉಡುಪಿ ಕಡೆಯ ಕೋಡಿಬೆಂಗ್ರೆಗಳು ಒಂದು ಮಗ್ಗುಲಲ್ಲಿ ನದಿಯನ್ನೂ ಇನ್ನೊಂದರಲ್ಲಿ ಕಡಲನ್ನೂ ಇಟ್ಟುಕೊಂಡು ಬದುಕಿವೆ. ಆದರೆ ಬಳ್ಳಾರಿಯ ಉಸುಕು ಅಲ್ಲಿಗೆ ಹೋಗುವುದಿಲ್ಲ. ಅದರ ಹಾದಿ ಸಿರುಗುಪ್ಪದ ಮೇಲೆ, ಮೂಡಲಿಗೆ.

ಗಾಳಿ ಒಂದು ಅಂಗುಲ ಜರುಗಿಸುವುದನ್ನು ಪ್ರವಾಹ ಒಂದು ರಾತ್ರಿಯಲ್ಲಿ ಒಂದು ಹರದಾರಿ ಜರುಗಿಸುತ್ತದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಯನ್ನು ಈ ಸೀಮೆಯವರು ಮರೆತಿಲ್ಲ. ವರ್ಷದ ಮಳೆಯಲ್ಲಿ ದೊಡ್ಡ ಪಾಲು ಮೂರು ನಾಲ್ಕು ದಿನಗಳಲ್ಲಿ ಸುರಿಯಿತು. ತುಂಗಭದ್ರೆ, ಹಗರಿ, ನಡುವಿನ ಹಳ್ಳಗಳೆಲ್ಲ ಒಂದಾದವು. ಅಕ್ಟೋಬರ್ 2ರಂದು ಕೆಳಗಿನ ಕರ್ನೂಲು ನಗರವೇ ಮುಳುಗಿತು. ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಸಿರುಗುಪ್ಪ ತಾಲ್ಲೂಕಿನಲ್ಲಿ ಹೊಳೆದಂಡೆಯ ಮಣ್ಣಿನ ಮನೆಗಳು ಕರಗಿಹೋದವು. ಮನೆ ಕಳೆದುಕೊಂಡವರಿಗೆ "ಆಸರೆ" ಎಂಬ ಹೆಸರಿನಲ್ಲಿ ಎತ್ತರದ ನೆಲದ ಮೇಲೆ ಹೊಸ ಮನೆಗಳು ಎದ್ದವು. ನೀರಿಳಿದ ಮೇಲೆ ಹೊಲಕ್ಕೆ ಹೋದವರು ಕಂಡದ್ದು ಮೂರು ಬಗೆ. ಕೆಲವರ ಹೊಲದ ಎರೆಮಣ್ಣು ಕೊಚ್ಚಿ ಹೋಗಿತ್ತು. ಕೆಲವರ ಹೊಲದ ಮೇಲೆ ಮೊಣಕಾಲುದ್ದ ಉಸುಕು ಬಿದ್ದಿತ್ತು. ಇನ್ನು ಕೆಲವರಿಗೆ ನಯವಾದ ಮೆಕ್ಕಲು ದಕ್ಕಿ, ಮುಂದಿನ ಬೆಳೆ ಹುಲುಸಾಯಿತು. ಒಂದೇ ನದಿ, ಒಂದೇ ರಾತ್ರಿ. ಬಾಗಿನ ಯಾವ ಮಗ್ಗುಲಲ್ಲಿ ಹೊಲವಿತ್ತೆಂಬುದರ ಮೇಲೆ ಮನೆತನದ ಗತಿ ನಿರ್ಧಾರವಾಯಿತು. ಹೊರಬಾಗಿನಲ್ಲಿ ನೀರು ಬಿರುಸಾಗಿ ದಂಡೆಯನ್ನು ಕಡಿಯುತ್ತದೆ, ಒಳಬಾಗಿನಲ್ಲಿ ಸೋತು ಹೊತ್ತದ್ದನ್ನು ಇಳಿಸುತ್ತದೆ ಎಂಬ ಶಾಲೆಯ ಭೂಗೋಳದ ಪಾಠ ಇಲ್ಲಿ ಅಣ್ಣತಮ್ಮಂದಿರ ಆಸ್ತಿಯ ಹಂಚಿಕೆಯಲ್ಲಿ ಅನುಭವಕ್ಕೆ ಬರುತ್ತದೆ.

2022ರದು ಬೇರೊಂದು ಕಥೆ. 1907ರಲ್ಲಿ ಮುಗಿದ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದಿರಲಿಲ್ಲ. 89 ವರ್ಷಗಳ ಮೇಲೆ ಆ ಸೆಪ್ಟೆಂಬರಿನಲ್ಲಿ ಬಿದ್ದಿತು. ಹಿರಿಯೂರಿನಲ್ಲಿ ಜನ ಬಾಗಿನ ಅರ್ಪಿಸಿ ಸಂಭ್ರಮಿಸಿದರು. ಆ ವರ್ಷ ಹಗರಿಯೂ ಬಹುಕಾಲದ ಮೇಲೆ ದಂಡೆಯಿಂದ ದಂಡೆಗೆ ಹರಿಯಿತು. ಬಳ್ಳಾರಿ ತಾಲ್ಲೂಕಿನ ಪರಮದೇವನಹಳ್ಳಿಯ ಬಳಿ ತುಂಗಭದ್ರಾ ಬಲದಂಡೆಯ ಕೆಳಮಟ್ಟದ ಕಾಲುವೆ ಒಂದು ಮೇಲ್ಗಾಲುವೆಯ ಮೂಲಕ ಈ ನದಿಯನ್ನು ದಾಟುತ್ತದೆ. ಕೆಳಗೆ ನದಿ, ಕಂಬಗಳ ಮೇಲೆ ಕಾಲುವೆ. ಮಳೆಗಾಲ ಮುಗಿಯುವ ಹೊತ್ತಿಗೆ ಆ ಕಂಬಗಳಲ್ಲೊಂದು ಕುಸಿಯಿತು. ಪ್ರವಾಹದ ನೀರು ಉಸುಕಿನಲ್ಲಿ ನಿಂತ ಕಂಬದ ಸುತ್ತ ಸುಳಿದು ಬುಡವನ್ನು ತೋಡುತ್ತದೆ. ಮೇಲಿನಿಂದ ನೋಡಿದವರಿಗೆ ಏನೂ ಕಾಣುವುದಿಲ್ಲ. ಕಾಲುವೆಯನ್ನು ನಿಲ್ಲಿಸಬೇಕಾಯಿತು. ಕರ್ನಾಟಕ, ಆಂಧ್ರ ಎರಡೂ ರಾಜ್ಯಗಳ ರೈತರ ಬತ್ತ, ಮೆಣಸಿನಕಾಯಿ, ಹತ್ತಿಗಳು ಹೊಲದಲ್ಲಿ ನಿಂತಿರುವಾಗ ನೀರು ನಿಂತಿತು. ಹಗಲಿರುಳೂ ದುರಸ್ತಿ ನಡೆಯಿತು; ಮಂತ್ರಿಗಳೇ ಅಲ್ಲಿ ಬೀಡುಬಿಟ್ಟರು; ನವೆಂಬರಿನಲ್ಲಿ ನೀರು ಮತ್ತೆ ಹರಿಯಿತು. ಅಷ್ಟು ದಿನ ಸಾವಿರಾರು ಸಂಸಾರಗಳ ಕಣ್ಣು ಒಂದು ಕಂಬದ ಬುಡದ ಉಸುಕಿನ ಮೇಲೆ ನೆಟ್ಟಿತ್ತು.

ಸಿರುಗುಪ್ಪಕ್ಕೆ ಬಳ್ಳಾರಿಯಿಂದ ಐವತ್ತು ಕಿಲೋಮೀಟರುಗಳಿಗೆ ಮೇಲ್ಪಟ್ಟ ಹಾದಿ. ತೆಕ್ಕಲಕೋಟೆಯ ಬಂಡೆಗುಡ್ಡಗಳನ್ನು ದಾಟಿದ ಮೇಲೆ ಬಣ್ಣವೇ ಬದಲಾಗುತ್ತದೆ. ಈವರೆಗೆ ಕಂದು ಮತ್ತು ಕಪ್ಪು, ಇಲ್ಲಿಂದಾಚೆಗೆ ಹಸುರು. ಬತ್ತದ ಗದ್ದೆ, ಬಾಳೆ, ತೆಂಗು. ಊರು ಸಮೀಪಿಸಿದಂತೆ ಅಕ್ಕಿ ಗಿರಣಿಗಳ ಹೊಗೆ, ಹೊಟ್ಟಿನ ವಾಸನೆ. ಸಿರಿಯ ಗುಪ್ಪೆಯೇ ಸಿರುಗುಪ್ಪವಾಯಿತೆಂದು ಹೇಳುವುದನ್ನು ಆಂಗ್ಲರ ಕಾಲದ ಗೆಜೆಟಿಯರಿನವರೂ ಒಪ್ಪಿ ಬರೆದುಕೊಂಡಿದ್ದಾರೆ. ಈ ಸಿರಿ ಇಂದು ನಿನ್ನೆಯದಲ್ಲ. ತುಂಗಭದ್ರಾ ಅಣೆಕಟ್ಟು ಏಳುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ, ವಿಜಯನಗರದ ಕಾಲದ ಅಡ್ಡಗಟ್ಟೆಗಳಿಂದ ಹೊರಟ ಸಿರುಗುಪ್ಪ ಕಾಲುವೆ, ದೇಸನೂರು ಕಾಲುವೆಗಳು ಇಲ್ಲಿ ನೀರು ಹಾಯಿಸುತ್ತಿದ್ದವು. ಇಂದಿಗೂ ಹಾಯಿಸುತ್ತಿವೆ.

ಊರಿನ ಬಳಿ ತುಂಗಭದ್ರೆ ಎರಡಾಗಿ ಸೀಳುತ್ತದೆ. ಕಿರಿದಾದ ಕವಲೊಂದು ಊರಿನ ಮಗ್ಗುಲಲ್ಲಿ ಬಳಸಿ ಬರುತ್ತದೆ. ದೊಡ್ಡ ಹೊಳೆ ಆಚೆಗೆ. ನಡುವೆ ಆರು ಮೈಲಿ ಉದ್ದದ ದೇಸನೂರಿನ ನಡುಗಡ್ಡೆ. ಹಂಪಿಯಿಂದ ಕೆಳಕ್ಕೆ ತುಂಗಭದ್ರೆಯ ಪಾತ್ರ ಬಹುಮಟ್ಟಿಗೆ ಬಂಡೆಯದು. ಹೊಳೆಗೆ ಬಂಡೆ ಅಡ್ಡಬಂದಾಗ ಅದನ್ನು ಕಡಿಯುವುದಕ್ಕಿಂತ ಬಳಸುವುದು ಸುಲಭ. ಬಳಸಿದ ಮೇಲೆ ಬಂಡೆಯ ಬೆನ್ನಿನ ಶಾಂತವಾದ ಮಡುವಿನಲ್ಲಿ ಉಸುಕು, ಅದರ ಮೇಲೆ ಮೆಕ್ಕಲು, ಮೆಕ್ಕಲಿನ ಮೇಲೆ ಜೊಂಡು, ಜೊಂಡಿನ ಮೇಲೆ ಮತ್ತೊಂದು ಪ್ರವಾಹದ ಮೆಕ್ಕಲು ನಿಲ್ಲುತ್ತವೆ. ಹೊಳೆಯ ನಡುಗಡ್ಡೆಗಳು ಸಾಮಾನ್ಯವಾಗಿ ಬೆಳೆಯುವುದು ಹೀಗೆ: ತಲೆಯನ್ನು ಹೊಳೆ ತಿನ್ನುತ್ತದೆ, ಬಾಲವನ್ನು ಹೊಳೆಯೇ ಬೆಳೆಸುತ್ತದೆ. ಕಡಲಿನ ಮರಳುದ್ವೀಪ ಉರುಳಿದರೆ ಹೊಳೆಯ ನಡುಗಡ್ಡೆ ತೆವಳುತ್ತದೆ. ಬಂಡೆಯ ಬೇರಿದ್ದದ್ದು ಮಾತ್ರ ತೆವಳಲಾರದೆ ನಿಲ್ಲುತ್ತದೆ. ಊರಿಗೆ ಸಮೀಪದಲ್ಲಿಯೇ ಹೊಳೆದಂಡೆಯ ಕೆಂಚನಗುಡ್ಡವನ್ನು ಹತ್ತಿ ನಿಂತರೆ ಬಂಡೆ, ನೀರು, ಉಸುಕು, ಗದ್ದೆ ನಾಲ್ಕನ್ನೂ ಒಂದೇ ನೋಟದಲ್ಲಿ ಕಾಣಬಹುದು. ಸಂಜೆಯ ಹೊತ್ತಿಗೆ ಹೋದರೆ ಹರಿಗೋಲಿನಲ್ಲಿ ಬಲೆ ಬೀಸುವವರೂ ಕಾಣಸಿಗುತ್ತಾರೆ. ಊಟದ ಬುತ್ತಿಯನ್ನು ಒಯ್ಯುವುದು ಲೇಸು. ಕೋತಿಗಳಿಂದ ಅದನ್ನು ಕಾಯುವುದು ಇನ್ನೂ ಲೇಸು.

ಹೊಳೆಯ ಈ ಕೊಡುಕೊಳ್ಳುವ ಲೆಕ್ಕಕ್ಕೆ 1953ರಲ್ಲಿ ಒಂದು ಬೀಗ ಬಿದ್ದಿತು. ಹೊಸಪೇಟೆಯ ಬಳಿ ಎದ್ದ ತುಂಗಭದ್ರಾ ಅಣೆಕಟ್ಟು ಲಕ್ಷಾಂತರ ಎಕರೆಗಳಿಗೆ ಅನ್ನ ಕೊಟ್ಟಿದೆ. ಅದನ್ನು ಅಲ್ಲಗಳೆಯುವವನು ಸಿರುಗುಪ್ಪದಲ್ಲಿ ಒಂದು ದಿನವೂ ಇರಲಾರ. ಆದರೆ ಅಣೆಕಟ್ಟು ನೀರಿನ ಜೊತೆಗೆ ಹೂಳನ್ನೂ ಹಿಡಿಯುತ್ತದೆ. ಮೊದಲು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಜಲಾಶಯದಲ್ಲಿ 2016ರ ಅಳತೆಯ ವೇಳೆಗೆ ಉಳಿದದ್ದು 105.79 ಟಿ.ಎಂ.ಸಿ.ಯಷ್ಟು ಸ್ಥಳ. ಮಿಕ್ಕದ್ದನ್ನೆಲ್ಲ ಮಲೆನಾಡಿನ ಮತ್ತು ಬಯಲಿನ ಮಣ್ಣು, ಉಸುಕು ಆಕ್ರಮಿಸಿವೆ. ಕೆಳಗಿನ ಹೊಳೆಗೆ ಬರುವುದು ಹಸಿದ ನೀರು. ಹೊರೆಯಿಲ್ಲದ ನೀರು ತನ್ನ ದಂಡೆಯನ್ನೇ ತಿನ್ನಲು ತೊಡಗುತ್ತದೆ. ಜಲಾಶಯ ತುಂಬಿದ ವರ್ಷ ತೂಬು ತೆರೆದಾಗ ಈ ಹಸಿವೆಯ ಬಿರುಸು ತಿಳಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಅಣೆಕಟ್ಟಿನ ಮೇಲಿನ ಒತ್ತಡವನ್ನು ಇಳಿಸಲು ಬೇರೆ ಬಾಗಿಲುಗಳನ್ನೂ ತೆರೆಯಬೇಕಾಯಿತು. ದಂಡೆಯ ಹಳ್ಳಿಗಳಲ್ಲಿ ಡಂಗುರ ಸಾರಿದಂತೆ ಎಚ್ಚರಿಕೆ ಹಬ್ಬಿತು. ವಾರದೊಳಗೆ ತಾತ್ಕಾಲಿಕ ಹಲಗೆಗಳನ್ನು ಇಳಿಸಿ ನೀರನ್ನು ತಡೆದ ಇಂಜಿನಿಯರರ ಸಾಹಸ ದೊಡ್ಡದು. ಆ ವಾರ ಸಿರುಗುಪ್ಪದ ರೈತನಿಗೆ ಎರಡು ಭಯ ಏಕಕಾಲಕ್ಕೆ ಇದ್ದವು: ಇಂದು ಬರುವ ನೀರು ಹೊಲವನ್ನು ತಿಂದರೇನು ಗತಿ, ಹರಿದುಹೋದ ನೀರು ನಾಳೆ ಬೆಳೆಗೆ ಸಿಕ್ಕದಿದ್ದರೇನು ಗತಿ.

ಸಿರುಗುಪ್ಪವನ್ನು ದಾಟಿದ ಉಸುಕು ಹಿಂದಿನ ಕಾಲದಲ್ಲಿ ಕರ್ನೂಲನ್ನು ಹಾದು, ಸಂಗಮೇಶ್ವರದ ಬಳಿ ಕೃಷ್ಣೆಯನ್ನು ಕೂಡುತ್ತಿತ್ತು. ಈಗ ಆ ಸಂಗಮದ ಗುಡಿಯೇ ವರ್ಷದ ಬಹುಭಾಗ ಶ್ರೀಶೈಲದ ಜಲಾಶಯದಲ್ಲಿ ಮುಳುಗಿದ್ದು ಬೇಸಗೆಯಲ್ಲಿ ತಲೆಯೆತ್ತುತ್ತದೆ. ಅಲ್ಲಿಂದಾಚೆಗೆ 1967ರಲ್ಲಿ ನೀರು ಬಿಟ್ಟ ನಾಗಾರ್ಜುನಸಾಗರ, ಅದರಾಚೆ ವಿಜಯವಾಡದಲ್ಲಿ 1957ರ ಪ್ರಕಾಶಂ ಬ್ಯಾರೇಜು. ಇಷ್ಟು ಬಾಗಿಲುಗಳನ್ನು ದಾಟಿ ಕಡಲು ಮುಟ್ಟುವ ಉಸುಕು ಎಷ್ಟು? ಕೆಲವು ಬರಗಾಲಗಳಲ್ಲಿ ಕೃಷ್ಣೆಯ ನೀರೇ ಕಡಲನ್ನು ಮುಟ್ಟಿದ್ದು ಕಡಿಮೆ.

ಕೃಷ್ಣೆಯ ಮುಖದಲ್ಲಿ, ಹಂಸಲದೀವಿಯ ಕಡೆ, ಈ ಉಸುಕಿನ ಕೊನೆಯ ತಂಗುದಾಣವುಂಟು. ನದಿ ಕವಲೊಡೆದು ದಿವಿಸೀಮೆಯನ್ನು ತಬ್ಬಿ ಕಡಲಿಗೆ ಬೀಳುವಲ್ಲಿ, ಅಲೆಗಳು ಮರಳನ್ನು ಹೆಕ್ಕಿ ನೆಲದ ಮುಂದೆ ಉದ್ದುದ್ದನೆಯ ನಾಲಗೆಗಳನ್ನೂ ದಿಣ್ಣೆಗಳನ್ನೂ ಕಟ್ಟಿವೆ. ಅವುಗಳ ಹಿಂದೆ ಕಾಂಡ್ಲಾ ಕಾಡು. ಕುರುಗೋಡಿನ ಬಂಡೆಯಿಂದ ಎಂದೋ ಜರಿದ ಬೆಣಚಿನ ಕಣ ಆ ದಿಣ್ಣೆಯಲ್ಲಿ ಇಲ್ಲವೆಂದು ಯಾರೂ ಆಣೆಯಿಡಲಾರರು. 1977ರ ನವೆಂಬರ್ 19ರಂದು ದಿವಿಸೀಮೆಯ ಮೇಲೆ ಬಂದೆರಗಿದ ಚಂಡಮಾರುತದಲ್ಲಿ ಕಡಲು ಆಳೆತ್ತರವನ್ನೂ ಮೀರಿ ಒಳನುಗ್ಗಿ ಸುಮಾರು 10,000 ಜನರನ್ನು ಬಲಿತೆಗೆದುಕೊಂಡಿತು. ಮರಳಿನ ತಡೆಗೋಡೆ ಅಂತಹ ರಾತ್ರಿಯನ್ನು ತಡೆಯಲಾರದು. ಮೊದಲ ಹೊಡೆತವನ್ನು ಮುರಿಯಬಲ್ಲುದು ಅಷ್ಟೆ. ಅದನ್ನು ಮುರಿದ ಮೇಲೆ ಮತ್ತೆ ತನ್ನನ್ನು ತಾನು ಕಟ್ಟಿಕೊಳ್ಳಲು ಅದಕ್ಕೆ ಹೊಸ ಮರಳು ಬೇಕು. ಹೊಸ ಮರಳು ಬಾರದಿರುವುದರಿಂದ ಕೃಷ್ಣಾ, ಗೋದಾವರಿ ಎರಡೂ ಮುಖಜಭೂಮಿಗಳ ದಂಡೆ ಅನೇಕ ಕಡೆ ಹಿಂದೆ ಸರಿಯುತ್ತಿದೆ. ದಿವಿಸೀಮೆಯ ಬೆಸ್ತನಿಗೂ ಸಿರುಗುಪ್ಪದ ರೈತನಿಗೂ ಒಬ್ಬರ ಹೆಸರು ಒಬ್ಬರಿಗೆ ತಿಳಿಯದು. ಮೇಲಿನವನಿಗೆ ಬೇಡವಾದ ಉಸುಕೇ ಕೆಳಗಿನವನಿಗೆ ಇಲ್ಲವಾಗಿರುವುದು.

ಬೇಡವಾದದ್ದೆಂಬ ಮಾತೂ ಈಗ ಪೂರ್ತಿ ನಿಜವಲ್ಲ. ಬಳ್ಳಾರಿಯಲ್ಲಿ ಏಳುವ ಮನೆಗಳಿಗೆಲ್ಲ ಉಸುಕು ಬೇಕು. ಬಂಡೆಯನ್ನೇ ಯಂತ್ರದಲ್ಲಿ ಅರೆದು ಮಾಡಿದ ಮರಳು ಮಾರುಕಟ್ಟೆಗೆ ಬಂದಿದ್ದರೂ, ಹೊಳೆಯ ಉಸುಕಿನ ಮೇಲಿನ ಆಸೆ ಮನೆ ಕಟ್ಟುವವರಿಗೆ ಹೋಗಿಲ್ಲ. ಹಗಲು ತೆಗೆಯುವುದಕ್ಕೆ ಕಾಯಿದೆಯುಂಟು. ರಾತ್ರಿಯ ಟ್ರಾಕ್ಟರುಗಳಿಗೆ ಕಾಯಿದೆ ಕಾಣುವುದಿಲ್ಲ. ಉಸುಕು ತೆಗೆದಲ್ಲಿ ವರತೆಯ ನೀರು ಕೆಳಕ್ಕಿಳಿಯುತ್ತದೆ, ಸೇತುವೆಯ ಕಂಬದ ಬುಡ ಬಯಲಾಗುತ್ತದೆ. ಅದೇ ನದಿಯ ಮೇಲಿನ ಭಾಗದಲ್ಲಿ ಹೊಲ ಹೂತವನು, ಎಲ್ಲಾದರೂ ಒಯ್ಯಲಿ ಬಿಡಿ ಎನ್ನುತ್ತಾನೆ. ಇಬ್ಬರ ಮಾತೂ ನ್ಯಾಯವೇ.

ಸಿರುಗುಪ್ಪದಿಂದ ಆದವಾನಿಯ ಹಾದಿಯಲ್ಲಿ ರಾರಾವಿಯ ಬಳಿ ಹಗರಿಗೆ ಸೇತುವೆಯಿದೆ. ಹೊತ್ತು ಮುಳುಗುವ ವೇಳೆಗೆ ಅಲ್ಲಿ ನಿಂತರೆ, ಹಗಲೆಲ್ಲ ಬೀಸಿದ ಗಾಳಿ ಉಸುಕಿನ ಮೇಲೆ ಎಳೆದ ಸಣ್ಣ ಸಣ್ಣ ಅಲೆಗಳು ಓರೆಬಿಸಿಲಿನಲ್ಲಿ ಎದ್ದು ಕಾಣುತ್ತವೆ. ಸೇತುವೆಯ ಕೆಳಗೆ ಹೆಂಗಸೊಬ್ಬಳು ವರತೆಯ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಚಿಪ್ಪಿನಿಂದ ನೀರು ಮೊಗೆಯುತ್ತಿದ್ದಳು. ದಂಡೆಯ ಮೇಲಿನ ಹೊಲದಲ್ಲಿ ಅವಳ ಗಂಡನಿರಬೇಕು, ಕಡಿದಾದ ಅಂಚಿನಿಂದ ಒಳಕ್ಕೆ ಅಡಿಯಿಂದ ಅಡಿಗೆ ಹೆಜ್ಜೆಯಿಡುತ್ತ ಬಂದು ಒಂದು ಕಡೆ ನಿಂತು ಜಾಲಿಯ ಗೂಟ ಬಡಿದ. ಹಿಂದಿನ ವರ್ಷದ ಗೂಟ ಎಲ್ಲಿತ್ತೆಂದು ಬಂದವರು ಕೇಳಿದಾಗ ಅವನು ಅಂಚಿನಾಚೆಗೆ, ಕೆಳಗಿನ ಉಸುಕಿನ ಕಡೆ ಬೆರಳು ತೋರಿಸಿದ.